ವೈಫೈ ಪೆಟ್ಟಿಗೆಯ ಮೇಲಿನ ಕರಕಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿರುವ ನಾನು, ಮೈಮೇಲೆ ಪೂರ್ತಿ ಎಚ್ಚರವಿದ್ದಾಗ, ಮಟಮಟ ಮಧ್ಯಾಹ್ನ, ನಮ್ಮ ಶಾಲೆಯ ವೈಫೈ ಪೆಟ್ಟಿಗೆಯ ಮೇಲೆ ನನ್ನ ಕೈಯಾರೆ ಕರಕಿ ಇಟ್ಟಿದ್ದೇನೆ. ಕರಕಿ ಗೊತ್ತಲ್ಲ, ಗಣಪತಿಗೆ ಏರಿಸುವ ಹುಲ್ಲು. ಬೆಂಗಳೂರು ಕಡೆಯವರು ಗರಿಕೆ ಎನ್ನುತ್ತಾರೆ. ಇಟ್ಟದ್ದಷ್ಟೇ ಅಲ್ಲ, ಫ್ಯಾನಿನ ಗಾಳಿಗೆ ಹಾರಿಹೋಗದಿರಲಿ ಎಂದು ಅದರ ಮೇಲೆ ಒಂದು ಸಣ್ಣ ಕಲ್ಲನ್ನೂ ಹೇರಿದ್ದೇನೆ. ನನ್ನ ಕೈಯಲ್ಲಿ ಕಲಿತು ಈಗ ದೊಡ್ಡ ದೊಡ್ಡ ಕೆಲಸದಲ್ಲಿರುವ ಹುಡುಗರು ಇದನ್ನು ಓದಿದರೆ ಏನಂದುಕೊಂಡಾರು ಎಂಬ ಅಳುಕು ಇದ್ದೇ ಇದೆ. ಅಂದುಕೊಳ್ಳಲಿ ಬಿಡಿ. ಅವರಿಗೆ ಗಂಗವ್ವ ಗೊತ್ತಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆಡು ಯಾರದೆಂದು ಜನಕ್ಕೆ ತಿಳಿದುಬಿಡುತ್ತದೆ. ಆಡಿನ ವಿಷಯ ಮುಂದೆ ಬರುತ್ತದೆ, ಅವಸರ ಮಾಡಬೇಡಿ. ಮುಂಡರಗಿ ತಾಲೂಕಿನ ಒಂದು ಹಳ್ಳಿ, ಹಮ್ಮಿಗಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ದಾರಿಯಲ್ಲಿ ಸಿಗುತ್ತದೆ ಎಂದು ಇಟ್ಟುಕೊಳ್ಳಿ. ನನ್ನ ಮನೆ ಇರುವುದು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಬಸ್ಸು ಹಿಡಿದು ಬರುತ್ತೇನೆ, ಹೋಗುವಾಗಲೂ ಬರುವಾಗಲೂ ಮೊಬೈಲು ನೋಡುತ್ತೇನೆ. ಕಿಟಕಿಯಾಚೆ ಸೂರ್ಯಕಾಂತಿ ಅರಳಿದ್ದೂ ಅದು ಕೊಯ್ಲಾದದ್ದೂ ನನಗೆ ಬೇರೆಯವರು ಹೇಳಿಯೇ ಗೊತ್ತಾಗಬೇಕು. ಇದನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮಕ್ಕಳನ್ನು ಮೊಬೈಲಿನಿಂದ ಕಾಪಾಡುವ ನಿಯಮಗಳನ್ನು ಬರೆದವಳೂ ನಾನೇ.

ನಮ್ಮ ಗದಗ ಜಿಲ್ಲೆಗೆ ಇನ್ನೂ ಹೊಸ ಜಿಲ್ಲೆ ಎಂಬ ಹೆಸರು ಬಿಟ್ಟುಹೋಗಿಲ್ಲ. ಧಾರವಾಡದಿಂದ ಬೇರೆಯಾಗಿ ಎಷ್ಟೋ ವರ್ಷ ಆಯಿತು. ಆಗ ಹುಟ್ಟಿದ ಕೂಸುಗಳಿಗೆ ಈಗ ಕೂಸುಗಳಾಗಿವೆ. ಆದರೂ ನಮ್ಮ ಮಾವನವರು ವಿಳಾಸ ಬರೆಯುವಾಗ ಜಿಲ್ಲಾ ಧಾರವಾಡ ಎಂದೇ ಬರೆಯುತ್ತಾರೆ, ಪತ್ರವೂ ಸುಮ್ಮನೆ ಬಂದು ಮುಟ್ಟುತ್ತದೆ. ಹೊಸ ಜಿಲ್ಲೆ ಎನ್ನುವುದರಲ್ಲಿ ಒಂದು ಅನುಕೂಲವಿದೆ. ಏನು ಇಲ್ಲದಿದ್ದರೂ "ಹೊಸ ಜಿಲ್ಲಾ ನೋಡ್ರಿ, ಇನ್ನೂ ಬರಬೇಕು" ಎಂದರೆ ಮುಗಿಯಿತು. ನಮ್ಮ ಶಾಲೆಗೆ ಗಣಿತದ ಮಾಸ್ತರರೂ ಹೀಗೆಯೇ ಇನ್ನೂ ಬರಬೇಕಾಗಿತ್ತು. ಹಳಬರು ವರ್ಗವಾಗಿ ಹೋಗಿದ್ದರು, ಹೊಸಬರು ಬಂದಿರಲಿಲ್ಲ, ಹತ್ತನೇ ತರಗತಿಯ ಹದಿನಾರು ಮಕ್ಕಳು ಗಣಿತದ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದರು. ನಾನು ಅವರಿಗಿಂತ ದೀನಳಾಗಿ ಅವರ ಮುಖ ನೋಡುತ್ತಿದ್ದೆ.

ಆಗ ಬಂದದ್ದು ಪೆಟ್ಟಿಗೆ. ಊರಿನವರೇ ಒಬ್ಬರು ಕೊಡಿಸಿದ ದೊಡ್ಡ ಪರದೆ, ಅದರ ಪಕ್ಕ ಗೋಡೆಯ ಹಲಗೆಯ ಮೇಲೆ ಎರಡು ಕೊಂಬಿನ ಬಿಳಿ ವೈಫೈ ಪೆಟ್ಟಿಗೆ. ಗದಗಿನಲ್ಲಿ ನಿವೃತ್ತರಾಗಿ ಮನೆಯಲ್ಲಿ ಕೂತಿದ್ದ ಗಣಿತದ ಗುರುಗಳೊಬ್ಬರು, ವಾರಕ್ಕೆ ಮೂರು ದಿನ ತಮ್ಮ ಪಡಸಾಲೆಯಿಂದಲೇ ನಮ್ಮ ಮಕ್ಕಳಿಗೆ ಪಾಠ ಹೇಳಲು ಒಪ್ಪಿದರು. ಅವರಿಗೆ ಕ್ಯಾಮೆರಾ ಎಲ್ಲಿದೆ ಎಂಬುದು ಬಹಳ ದಿನ ಗೊತ್ತಾಗದೆ, ಮೊದಲ ತಿಂಗಳು ಮಕ್ಕಳು ಅವರ ಮೂಗಿನ ಹೊಳ್ಳೆಗಳಿಂದಲೇ ವರ್ಗ ಸಮೀಕರಣ ಕಲಿತರು. ಆದರೂ ಕಲಿತರು. ಅದರಲ್ಲೂ ರೇಣುಕಾ. ಬೇರೆ ಮಕ್ಕಳು ಹಿಂದಿನ ಸಾಲಿಗಾಗಿ ಜಗಳವಾಡಿದರೆ ಈ ಹುಡುಗಿ ಮುಂದಿನ ಸಾಲಿಗಾಗಿ ಜಗಳವಾಡುತ್ತಿದ್ದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ, ಪೆಟ್ಟಿಗೆಯ ಬುಡದಲ್ಲೇ ಅವಳ ಜಾಗ. ಗಣಿತದ ಮೇಲೆ ಎಂಥ ಪ್ರೀತಿ ಎಂದು ನಾನು ಮೂರು ಜನರ ಎದುರಿಗಾದರೂ ಹೊಗಳಿದ್ದೇನೆ.

ರೇಣುಕಾ ಗಂಗವ್ವನ ಮೊಮ್ಮಗಳು. ಗಂಗವ್ವನಿಗೆ ಎಪ್ಪತ್ತರ ಮೇಲಾಗಿರಬೇಕು, ಆಕೆಗೇ ಲೆಕ್ಕವಿಲ್ಲ. ಹೊಲದಲ್ಲಿ ಶೇಂಗಾ ಕೀಳಲು ಇಳಿದರೆ ಸೊಸೆಯಂದಿರು ಹಿಂದೆ ಬೀಳುತ್ತಾರೆ. ಹತ್ತನೆಯದು ಪಾಸಾದರೆ ಗದಗಿನ ಕಾಲೇಜು, ಇಲ್ಲದಿದ್ದರೆ ಮನೆ ಎಂದು ಮೊಮ್ಮಗಳಿಗೆ ಆಕೆ ಒಂದೇ ಮಾತಿನಲ್ಲಿ ಹೇಳಿದ್ದಳು. ಗಂಗವ್ವನ ಮಾತಿಗೆ ತಿದ್ದುಪಡಿ ಇರುವುದಿಲ್ಲ. ಉಳಿದ ವಿಷಯಗಳಲ್ಲಿ ರೇಣುಕಾ ದಾಟುತ್ತಾಳೆ, ಗಣಿತದಲ್ಲಿ ದಾಟಿದರೆ ಗದಗು ಸಿಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಅಂದರೆ ಆ ಹುಡುಗಿಯ ಗದಗು ಆ ಎರಡು ಕೊಂಬಿನ ಪೆಟ್ಟಿಗೆಯೊಳಗೆ ಇತ್ತು.

ಇಂಥಾ ಪೆಟ್ಟಿಗೆಯ ಮೇಲೆ ಅನುಮಾನ ಹುಟ್ಟಿದ್ದು ಇಮಾಮಸಾಬರ ಗಾದಿ ಅಂಗಡಿಯಲ್ಲಿ. ಇಮಾಮಸಾಬರು ಅರಳೆ ಹಿಂಜಿ ಗಾದಿ ಹೊಲಿಯುವವರು, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಹೊಲಿಯುವಾಗ ಎರಡೂ ಕೈಗೆ ಕೆಲಸವಿರುತ್ತದಾದ್ದರಿಂದ ಮೊಬೈಲನ್ನು ಪಕ್ಕದ ಗಾದಿಯ ಮೇಲೆ ದೊಡ್ಡ ದನಿಗೆ ಇಟ್ಟಿರುತ್ತಾರೆ. ಯಾರು ಏನು ಕಳಿಸಿದರೂ ಅದು ಇಡೀ ಓಣಿಗೆ ಕೇಳುತ್ತದೆ. ಒಂದು ದಿನ ಅದರಲ್ಲಿ ಯಾರೋ ಗಂಭೀರ ದನಿಯವರು, ಟವರಿನಿಂದ ಗುಬ್ಬಿ ಹೋದವು, ವೈಫೈ ವಿಕಿರಣದಿಂದ ಮಕ್ಕಳ ತಲೆ ಹೋಗುತ್ತದೆ, ದೊಡ್ಡ ದೇಶಗಳ ಶಾಲೆಗಳಲ್ಲಿ ಇದಕ್ಕೆಲ್ಲ ಕಾಯಿದೆ ಇದೆ ಎಂದು ಹೇಳಿದರು. ಮೊಬೈಲು ಕೆಟ್ಟದ್ದು ಎಂಬ ಸುದ್ದಿ ಊರಿಗೆ ಬಂದದ್ದು ಮೊಬೈಲಿನಲ್ಲೇ ಎಂಬುದನ್ನು ನನ್ನ ಹೊರತು ಯಾರೂ ಗಮನಿಸಲಿಲ್ಲ. ಓಣಿಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ಗಂಗವ್ವ ಅದನ್ನು ಪೂರ್ತಿ ಕೇಳಿದಳು, ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದಳು, ನೇರ ಶಾಲೆಗೆ ಬಂದಳು.

ಯಾಕೆಂದರೆ ರೇಣುಕಾಗೆ ಎರಡು ತಿಂಗಳಿಂದ ತಲೆನೋವು. ಸಂಜೆ ಶಾಲೆ ಬಿಟ್ಟು ಮನೆಗೆ ಹೋದರೆ ಹಣೆ ಹಿಡಿದುಕೊಂಡು ಕೂರುತ್ತಿದ್ದಳಂತೆ. ಪೆಟ್ಟಿಗೆ ಬಂದೂ ಎರಡೇ ತಿಂಗಳಾಗಿತ್ತು. ನೀವೇ ಹೇಳಿ, ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಸಮಿತಿಯ ಸಭೆ ಸೇರಿತು. ಎಂದೂ ಐದು ಜನ ಬಾರದ ಸಭೆಗೆ ಅಂದು ಅರ್ಧ ಊರು ಬಂದಿತ್ತು. ಹೆಡ್‌ಮಾಸ್ತರರು ಎದ್ದು ನಿಂತು, ಇದರ ವಿಜ್ಞಾನವನ್ನು ವಿಜ್ಞಾನದವರೇ ಹೇಳುತ್ತಾರೆ ಎಂದು ನನ್ನ ಕಡೆ ಕೈ ಮಾಡಿ ಕೂತುಬಿಟ್ಟರು. ನಮ್ಮ ಹೆಡ್‌ಮಾಸ್ತರರು ಒಳ್ಳೆಯವರು, ಆದರೆ ಬೆಂಕಿ ಕಂಡರೆ ಮೊದಲು ಬೇರೆಯವರ ಕೈಗೆ ಕೊಡ ಕೊಡುವ ಜಾತಿಯವರು. ನಾನು ಸೀರೆ ಸರಿ ಮಾಡಿಕೊಂಡು ಎದ್ದೆ. ವಿಕಿರಣ ಎಂಬ ಶಬ್ದಕ್ಕೆ ಅಷ್ಟು ಹೆದರಬೇಕಿಲ್ಲ, ದೀಪದ ಬೆಳಕೂ ವಿಕಿರಣವೇ, ಒಲೆಯ ಬಿಸಿಯೂ ವಿಕಿರಣವೇ, ಈ ಪೆಟ್ಟಿಗೆಯಿಂದ ಬರುವುದು ಬಹಳ ಸಣ್ಣ ಪ್ರಮಾಣದ್ದು, ಇದರಿಂದಲೇ ತಲೆನೋವು ಬರುತ್ತದೆಂದು ಹೇಳಲಾಗದು, ಆದರೂ ಸಣ್ಣ ಮಕ್ಕಳ ಮಾತು ಬಂದಾಗ ಸ್ವಲ್ಪ ದೂರ ಇಡುವುದರಲ್ಲಿ ಕಳೆದುಕೊಳ್ಳುವುದೇನಿಲ್ಲ ಎಂದು ನಿಧಾನವಾಗಿ ತಿಳಿಸಿದೆ. ಬಹಳ ಚೆನ್ನಾಗಿ ಹೇಳಿದೆನೆಂದು ನನಗೇ ಅನಿಸಿತು. ಹಿಂದಿನಿಂದ ಒಬ್ಬ ಹೆಣ್ಣುಮಗಳು, ಹಾಗಾದರೆ ನಾಳೆಯಿಂದ ರೊಟ್ಟಿ ಬಡಿಯುವುದು ಬಿಡಬೇಕೇ ಎಂದು ಕೇಳಿದಳು. ಒಲೆಯಲ್ಲೂ ವಿಕಿರಣ ಇದೆ ಎಂಬುದಷ್ಟೇ ಸಭೆಯ ತಲೆಗೆ ಹೋಗಿತ್ತು. ಕೆಲವು ಗಂಡಸರು ಗಾಬರಿಯಾದರು.

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಬ್ಯಾಗಿನೊಳಗಿಂದ ಮೊಬೈಲು ಕೂಗತೊಡಗಿತು. ಬಂದ್ ಮಾಡಲು ಹೋಗಿ ಗಡಿಬಿಡಿಯಲ್ಲಿ ಎತ್ತಿಬಿಟ್ಟೆ, ಅದೂ ದೊಡ್ಡ ದನಿಗೆ. ನನ್ನ ಯಜಮಾನರು ಬೆಟಗೇರಿಯಿಂದ, ಜೀರಿಗೆ ಡಬ್ಬಿ ಎಲ್ಲಿಟ್ಟಿದ್ದೀ ಎಂದು ಇಡೀ ಸಭೆಯನ್ನು ಕೇಳಿದರು. ನನ್ನ ವಿಜ್ಞಾನದ ಮೇಲೆ ಆಮೇಲೆ ಯಾರೂ ಹೆಚ್ಚು ವಿಶ್ವಾಸ ಇಡಲಿಲ್ಲ.

ಗಂಗವ್ವ ಆಗ ಎದ್ದಳು. ಆಕೆ ದನಿ ಎತ್ತುವವಳಲ್ಲ. ಟೀಚರಿಗೆ ಇಲ್ಲಿ ಅಕ್ಕೋರು ಎನ್ನುತ್ತಾರೆ. ತಣ್ಣಗೆ ಕೇಳಿದಳು:

"ಅಕ್ಕೋರ, ಗ್ರಹಣ ಹಿಡದ್ರ ನೀರಿನ ಕೊಡಕ್ಕ ಕರಕಿ ಹಾಕ್ತೀವಿ, ಹಾಲಿಗೆ ಹಾಕ್ತೀವಿ, ಉಪ್ಪಿನಕಾಯಿಗೂ ಹಾಕ್ತೀವಿ. ವರ್ಷಕ್ಕೊಮ್ಮೆ ಬರೋದಕ್ಕ ಅಷ್ಟು ಮಾಡ್ತೀವಿ. ಇದು ವಾರಕ್ಕ ಮೂರು ದಿನ ಹಿಡಿತೈತಿ, ಕೂಸಿನ ತಲಿ ಮ್ಯಾಲೇ ಹಿಡಿತೈತಿ. ಇದಕ್ಕೇನ ಹಾಕೀರಿ?"

ಏನೂ ಹಾಕಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಹಾಗಾದರೆ ಪೆಟ್ಟಿಗೆ ತೆಗೆಯಿರಿ ಎಂದಳು. ಹೆಡ್‌ಮಾಸ್ತರರು ನೆಲ ನೋಡಿದರು. ರೇಣುಕಾ ಬಾಗಿಲ ಬಳಿ ನಿಂತಿದ್ದಳು, ಅವಳ ಮುಖ ಸಣ್ಣದಾಗಿತ್ತು. ಅಜ್ಜಿಗೆ ತಲೆನೋವಿನ ವಿಷಯ ಯಾಕಾದರೂ ಹೇಳಿದೆನೋ ಎಂಬುದು ಆ ಮುಖದಲ್ಲಿ ಬರೆದಂತೆ ಕಾಣುತ್ತಿತ್ತು.

ಇಲ್ಲಿ ನನಗೂ ಗಂಗವ್ವನಿಗೂ ಇದ್ದ ಹಳೆಯ ಗ್ರಹಣದ ಜಗಳವನ್ನು ಹೇಳಬೇಕು. ನಮ್ಮ ಕಡೆ ಗ್ರಹಣ ಹಿಡಿದಾಗ ಪರಾತದಲ್ಲಿ, ಅಂದರೆ ಅಗಲ ತಟ್ಟೆಯಲ್ಲಿ, ನೀರು ಹಾಕಿ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಇರುವಷ್ಟು ಹೊತ್ತು ಒನಕೆ ತಾನೇ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂದು ನಂಬಿಕೆ. ಬುಡ ಸಮನಾಗಿದ್ದರೆ ಯಾವ ದಿನ ಬೇಕಾದರೂ ನಿಲ್ಲುತ್ತದೆ ಎಂದು ತೋರಿಸಲು ನಾನು ಒಂದು ಸಾದಾ ಸೋಮವಾರ, ಗಂಗವ್ವನ ಮನೆಯದೇ ಒನಕೆಯನ್ನು ತರಿಸಿ ತರಗತಿಯಲ್ಲಿ ನಿಲ್ಲಿಸಿದೆ. ಖರೆ ಹೇಳುತ್ತೇನೆ, ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸಪ್ಪಳಕ್ಕೋ ಏನೋ, ಅದು ವಾಲಿ ನೇರ ನನ್ನ ಹೆಬ್ಬೆರಳಿನ ಮೇಲೆ ಬಿತ್ತು. ಹದಿನೈದು ದಿನ ಕುಂಟಿದೆ. ಒನಕೆ ವಾಪಸು ಒಯ್ಯಲು ಬಂದ ಗಂಗವ್ವ ನನ್ನ ಕಾಲು ನೋಡಿ, ಗ್ರಹಣ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದಷ್ಟೇ ಹೇಳಿದ್ದಳು. ಅಂದಿನಿಂದ ಕರಕಿ, ಒನಕೆ ಎಂದರೆ ನನಗೆ ಮೈಯೆಲ್ಲ ಉರಿ.

ಆದರೆ ಈಗ ಬಾಗಿಲ ಬಳಿ ರೇಣುಕಾ ನಿಂತಿದ್ದಳು. ಪೆಟ್ಟಿಗೆ ಹೋದರೆ ಗುರುಗಳು ಹೋದರು, ಗುರುಗಳು ಹೋದರೆ ಹದಿನಾರು ಮಕ್ಕಳ ಗಣಿತ ಹೋಯಿತು. ನನ್ನ ಹೆಬ್ಬೆರಳಿನ ಸಿಟ್ಟು ಹಿಡಿದು ಕೂರುವ ಹೊತ್ತಲ್ಲ ಅದು. ಇಮಾಮಸಾಬರ ಕಡೆ ನೋಡಿದೆ. ಅವರು ಗಡ್ಡ ನೀವಿಕೊಂಡು, "ಗಂಗಕ್ಕ, ಪೆಟಗಿ ಇರಲಿ, ಅದಕ್ಕ ಬಂದೋಬಸ್ತ್ ಮಾಡೂಣು. ನೀ ಹೇಳಿದ್ದೂ ಹಾಕೂಣು, ಅಕ್ಕೋರು ಹೇಳಿದ್ದೂ ಹಾಕೂಣು" ಎಂದರು. ಗಾದಿಯ ಎರಡು ಕಡೆಯನ್ನೂ ಒಂದೇ ದಾರದಲ್ಲಿ ಹೊಲಿದು ಅಭ್ಯಾಸವಾದ ಮನುಷ್ಯ. ಹೀಗೆ ಗಂಗವ್ವನ ಕಡೆಯಿಂದ ಕರಕಿ, ನನ್ನ ಕಡೆಯಿಂದ ನಿಯಮಗಳು ಎಂದು ಠರಾವು ಆಯಿತು. ಮೊದಲ ಕರಕಿಯನ್ನು ಅಕ್ಕೋರೇ ಇಡಬೇಕೆಂದು ಗಂಗವ್ವ ಹಟ ಹಿಡಿದಳು. ಇಟ್ಟೆ. ಕಲ್ಲು ಹೇರಿದ್ದು ಮಾತ್ರ ನನ್ನ ಸ್ವಂತ ಬುದ್ಧಿ.

ನಿಯಮ ಬರೆಯುವುದರಲ್ಲಿ ಒಂದು ಸುಖವಿದೆ. ಬರೆಯುವವರಿಗೆ ತಾವು ಅದರೊಳಗೆ ಬರುವುದಿಲ್ಲ ಎಂಬ ಧೈರ್ಯ ಇರುತ್ತದಲ್ಲ, ಆ ಸುಖ. ಪಾಠ ಮುಗಿದ ಕೂಡಲೇ ಪೆಟ್ಟಿಗೆ ಬಂದ್ ಮಾಡಬೇಕು. ಮಕ್ಕಳು ಪೆಟ್ಟಿಗೆಯಿಂದ ಎರಡು ಮಾರು ದೂರ ಕೂರಬೇಕು. ಮೊಬೈಲನ್ನು ಮುಖದಿಂದ ಒಂದು ಮೊಳ ದೂರ ಹಿಡಿಯಬೇಕು. ಶಾಲೆಯೊಳಗೆ ಬರುವ ದೊಡ್ಡವರು ತಮ್ಮ ಮೊಬೈಲನ್ನು ಬಾಗಿಲಲ್ಲೇ ಬಿಟ್ಟು ಬರಬೇಕು. ಎರಡು ಮಾರನ್ನು ಇಮಾಮಸಾಬರು ತಮ್ಮ ಗಾದಿಯ ದಾರದಿಂದ ಅಳೆದು, ನೆಲದ ಮೇಲೆ ಖೋಖೋ ಅಂಗಳಕ್ಕೆ ಹಾಕಿದ ಹಾಗೆ ಸುಣ್ಣದ ಗೆರೆ ಎಳೆದರು. ಅವರ ತೋಳು ಬಹಳ ಉದ್ದವಾದ್ದರಿಂದ ಗೆರೆ ಹೆಚ್ಚುಕಡಿಮೆ ಹಿಂದಿನ ಗೋಡೆಗೇ ಹೋಗಿ ಮುಟ್ಟಿತು. ಮಕ್ಕಳೆಲ್ಲ ಗೋಡೆಗೆ ಆತು ಕೂತರು.

ಬಾಗಿಲಲ್ಲಿ ಮೊಬೈಲು ಇಡಲು ಬಿಸಿಯೂಟದ ಅಡುಗೆಮನೆಯ ದೊಡ್ಡ ಸ್ಟೀಲು ಡಬ್ಬಿಯೊಂದನ್ನು ಇಟ್ಟೆವು. ಮೊದಲ ದಿನ ಒಂಬತ್ತು ಮೊಬೈಲು ಬಿದ್ದವು. ಹೊತ್ತು ಏರಿದಂತೆ ಅವು ಒಂದೊಂದಾಗಿ ಡಬ್ಬಿಯೊಳಗೇ ಒದರತೊಡಗಿದವು. ಅಡುಗೆಯವಳು ಬೇಳೆ ತೆಗೆಯಲೆಂದು ತನ್ನ ಡಬ್ಬಿಯನ್ನು ಹುಡುಕಿಕೊಂಡು ಬಂದು, ಕಣ್ಣು ಮುಚ್ಚಿ ಕೈ ಹಾಕಿ, ನಡುಗುತ್ತಿದ್ದ ಹೆಡ್‌ಮಾಸ್ತರರ ಮೊಬೈಲು ಹಿಡಿದು, ಇಲಿ ಎಂದು ಕಿರುಚಿ ಬಿಸಾಡಿದಳು. ಅದು ಬಿದ್ದು ಗಾಜು ಒಡೆಯಿತು. ಹೆಡ್‌ಮಾಸ್ತರರು ಆ ನಿಯಮವನ್ನು ಅಂದೇ ಹಿಂದಕ್ಕೆ ತೆಗೆದುಕೊಂಡರು. ಆ ಒಂಬತ್ತರಲ್ಲಿ ನನ್ನ ಮೊಬೈಲು ಇರಲಿಲ್ಲ ಎಂಬುದನ್ನು ಯಾರೂ ಎಣಿಸಿ ನೋಡಲಿಲ್ಲ, ದೇವರು ದೊಡ್ಡವನು.

ಕರಕಿಯ ವ್ಯವಸ್ಥೆ ಮಾತ್ರ ನನ್ನ ನಿಯಮಗಳಿಗಿಂತ ಚೆನ್ನಾಗಿ ನಡೆಯಿತು. ಮಕ್ಕಳು ತಮ್ಮತಮ್ಮಲ್ಲೇ ಪಾಳಿ ಹಾಕಿಕೊಂಡರು. ಒಬ್ಬರಿಗಿಂತ ಒಬ್ಬರು ಹೆಚ್ಚು ತರುವ ಪೈಪೋಟಿ ಹುಟ್ಟಿತು. ವಾರದೊಳಗೆ ಬದುವಿನ ಕರಕಿಯೆಲ್ಲ ಶಾಲೆಗೆ ಬಂದು, ಪೆಟ್ಟಿಗೆ ಚೌತಿಯ ಗಣಪತಿಯ ಹಾಗೆ ಹಸಿರಿನಲ್ಲಿ ಮುಳುಗಿ ಎರಡು ಕೊಂಬು ಮಾತ್ರ ಹೊರಗೆ ಕಾಣುತ್ತಿದ್ದವು. ಹುಲ್ಲಿನೊಳಗೆ ಪೆಟ್ಟಿಗೆ ಬಿಸಿಯಾಗಿ ಆಗಾಗ ಗುರುಗಳನ್ನು ಅರ್ಧ ಮಾತಿಗೆ ನಿಲ್ಲಿಸಿಬಿಡುತ್ತಿತ್ತು. ಗುರುಗಳು ಗದಗಿನಿಂದ, ನಿಮ್ಮ ಕಡೆ ಮೋಡವೇನು ಎಂದು ಕೇಳುತ್ತಿದ್ದರು. ಮೋಡವಲ್ಲ, ಕರಕಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಇಷ್ಟು ಹುಲ್ಲು ಒಂದೇ ಕಡೆ ಇದ್ದರೆ ಯಾರಿಗೆ ಮೊದಲು ಗೊತ್ತಾಗುತ್ತದೆ? ಇಮಾಮಸಾಬರ ಆಡಿಗೆ. ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಕೂತಿದ್ದಾಗ ಅದು ಬಾಗಿಲು ದೂಡಿ ಒಳಗೆ ಬಂದಿತು, ಬೆಂಚು ಹತ್ತಿತು, ಹಲಗೆಯ ಮೇಲೆ ಎರಡೂ ಮುಂಗಾಲು ಇಟ್ಟು ಕರಕಿಯನ್ನು ಪೂರ್ತಿ ತಿಂದಿತು. ಕರಕಿ ಮುಗಿದ ಮೇಲೂ ಬಾಯಿ ನಿಲ್ಲದೆ, ಅದರ ಜೊತೆ ಹೊಂದಿಕೊಂಡಿದ್ದ ವೈರನ್ನೂ ಮೊಳದುದ್ದ ಕಡಿದು ನುಂಗಿತು. ಪೆಟ್ಟಿಗೆಯ ದೀಪಗಳು ಆರಿಹೋದವು. ಗಣಿತ ನಿಂತಿತು. ಪರೀಕ್ಷೆಗೆ ಮೂರು ತಿಂಗಳೂ ಇರಲಿಲ್ಲ.

ವೈರು ತರಿಸಿ ಜೋಡಿಸಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ಊರಿನ ಚಿಂತೆಯೆಲ್ಲ ಆಡಿನದು. ವೈಫೈಯನ್ನೇ ತಿಂದ ಆಡು ಏನಾಗುತ್ತದೆ? ಇಮಾಮಸಾಬರು ಅದನ್ನು ಬೇರೆ ಆಡುಗಳಿಂದ ಎರಡು ಮಾರು ದೂರ, ನನ್ನ ನಿಯಮದ ಪ್ರಕಾರವೇ ಕಟ್ಟಿದರು. ದಿನಾ ಬೆಳಿಗ್ಗೆ ಜನ ಬಂದು ಅದರ ಕಣ್ಣು, ನಾಲಿಗೆ ನೋಡಿ ಹೋಗುತ್ತಿದ್ದರು. ಆಡು ಯಾರನ್ನೂ ಲಕ್ಷಿಸಲಿಲ್ಲ. ಮೆಲುಕು ಹಾಕಿತು, ಎಂದಿನಂತೆ ಹಿಕ್ಕೆ ಹಾಕಿತು, ಎಂಟನೆಯ ದಿನಕ್ಕೆ ಎರಡು ಮರಿಯನ್ನೂ ಹಾಕಿತು. ಮರಿಗಳು ಗುಂಡಗುಂಡಗೆ ಚೆಂದಾಗಿದ್ದವು. ಇಮಾಮಸಾಬರು ಶಾಲೆಗೆ ಬಂದು, ವೈರು ತಿಂದು ಅರಗಿಸಿಕೊಂಡ ಮೇಲೆ ಪಕ್ಕದಲ್ಲಿ ಕೂತರೆ ಏನಾದೀತು ಎಂದು ಎಲ್ಲರೆದುರು ಹೇಳಿದರು. ಇಪ್ಪತ್ತೆರಡು ವರ್ಷದ ನನ್ನ ಪಾಠ ಮಾಡದ ಕೆಲಸವನ್ನು ಆ ಆಡು ಎಂಟು ದಿನದಲ್ಲಿ ಮಾಡಿತು. ಇದು ವಿಜ್ಞಾನದ ರೀತಿಯಲ್ಲ, ಒಂದೇ ಆಡಿನಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ, ಹೆಡ್‌ಮಾಸ್ತರರು ನನ್ನ ಕಡೆ ನೋಡಿದ ರೀತಿಗೆ ಮುಚ್ಚಿಕೊಂಡೆ.

ಊರು ಒಪ್ಪಿತು, ಗಂಗವ್ವ ಒಪ್ಪಲಿಲ್ಲ. ಆಡಿಗೇನು, ಆಡು ಹತ್ತನೇ ತರಗತಿ ಪಾಸಾಗಬೇಕೇ ಎಂದಳು. ಆಕೆಯ ಮಾತಿಗೆ ಕಾರಣವಿತ್ತು. ಪೆಟ್ಟಿಗೆ ಮತ್ತೆ ಶುರುವಾಗಿ ನಡೆದ ಮೊದಲ ಕಿರುಪರೀಕ್ಷೆಯಲ್ಲಿ ರೇಣುಕಾ ಗಣಿತದಲ್ಲಿ ನಪಾಸಾಗಿದ್ದಳು. ತಲೆನೋವು ಇತ್ತೇ ಇತ್ತು, ಈಗ ತಲೆಯೂ ಹೋಯಿತು ಎಂದು ಗಂಗವ್ವ ಉತ್ತರಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟಳು. ಸೋಮವಾರದೊಳಗೆ ಪೆಟ್ಟಿಗೆ ತೆಗೆಯದಿದ್ದರೆ ಮೊಮ್ಮಗಳನ್ನೇ ಶಾಲೆ ಬಿಡಿಸುತ್ತೇನೆ ಎಂದು ಹೇಳಿ ಹೋದಳು. ರೇಣುಕಾ ಹಿಂದಿನ ಗೋಡೆಗೆ ಆತುಕೊಂಡು ಅಳುತ್ತಿದ್ದಳು. ನನಗೂ ಅಳು ಬಂದಿತ್ತು, ಆದರೆ ಅಕ್ಕೋರು ಅಳಬಾರದೆಂದು ಸುಮ್ಮನೆ ಆ ಉತ್ತರಪತ್ರಿಕೆ ನೋಡುತ್ತ ಕೂತೆ.

ಹೀಗೆ ಸುಮ್ಮನೆ ನೋಡಿದ್ದೇ ಒಳ್ಳೆಯದಾಯಿತು. ಪ್ರಶ್ನೆಗಳನ್ನು ಗುರುಗಳು ಪರದೆಯ ಮೇಲೆ ಬರೆದು ತೋರಿಸಿದ್ದರು. ಅವರು ಎಂಟು ಎಂದು ಬರೆದಲ್ಲಿ ರೇಣುಕಾ ಮೂರು ಎಂದು ಬರೆದುಕೊಂಡಿದ್ದಳು. ಆರು ಎಂದಲ್ಲಿ ಐದು. ಅಲ್ಲಿಂದ ಮುಂದೆ ಒಂದೊಂದು ಸಾಲೂ ಮುತ್ತಿನ ಹಾಗೆ ಸರಿ. ಹುಡುಗಿ ತಪ್ಪು ಲೆಕ್ಕಗಳನ್ನು ಒಂದೂ ಬಿಡದೆ ಸರಿಯಾಗಿ ಮಾಡಿದ್ದಳು.

ನಾನು ಅವಳನ್ನು ಗೋಡೆಯ ಹತ್ತಿರದಿಂದ ಎಬ್ಬಿಸಿ, ಪರದೆಯ ಮೇಲೆ ಏನು ಬರೆದಿದೆ ಎಂದು ಕೇಳಿದೆ. ಬಿಳಿ ಬಿಳಿ ಕಾಣುತ್ತದೆ ಎಂದಳು. ಸುಣ್ಣದ ಗೆರೆ ದಾಟಿಸಿ ಮುಂದೆ ಕರೆದುಕೊಂಡು ಬಂದೆ. ಗಿಳಿಯ ಹಾಗೆ ಓದಿದಳು. ಮುಂದಿನ ಸಾಲಿಗಾಗಿ ಅವಳು ಆಡುತ್ತಿದ್ದ ಜಗಳ, ಪರದೆಗೆ ಮೂಗು ತಾಗಿಸಿ ಕೂರುತ್ತಿದ್ದದ್ದು, ಸಂಜೆಯ ತಲೆನೋವು, ಎಲ್ಲವೂ ಒಮ್ಮೆಲೇ ನನ್ನ ಮುಖಕ್ಕೆ ಬಂದು ಬಡಿಯಿತು. ಹಿಂದಿನ ತಿಂಗಳಷ್ಟೇ ಕಣ್ಣಿನ ಪಾಠ ಮಾಡಿದ್ದೆ. ಸಮೀಪದೃಷ್ಟಿ ಎಂದರೇನು ಎಂದು ಎಬ್ಬಿಸಿ ಕೇಳಿದ್ದು ಈ ರೇಣುಕಾಳನ್ನೇ. ದೂರದ ವಸ್ತು ಮಸುಕಾಗಿ ಕಾಣುವುದು ಎಂದು ಅವಳು ಒಂದಕ್ಷರ ತಪ್ಪದೆ ಹೇಳಿದ್ದಳು. ನಾನು ಶಭಾಷ್ ಎಂದು ಕೂರಿಸಿದ್ದೆ. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದು ಅವಳು ತಿಳಿದಿದ್ದಳು, ಅವಳಿಗೆ ಎಲ್ಲ ಕಾಣುತ್ತದೆ ಎಂದು ನಾನು ತಿಳಿದಿದ್ದೆ. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಆ ಒನಕೆಯ ಮೇಲೂ ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಅಜ್ಜಿ ಮೊಮ್ಮಗಳನ್ನು ಹತ್ತಿಸಿಕೊಂಡು ಗದಗಿಗೆ ಹೋದೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ನೋಡುವವನು ರೇಣುಕಾಗೆ ಒಂದೊಂದೇ ಗಾಜು ಹಾಕಿ ಕೇಳುತ್ತ ಹೋದ. ಕೊನೆಯ ಗಾಜು ಹಾಕಿದಾಗ ಅವಳು ಗೋಡೆಯ ಅಕ್ಷರಗಳನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ನಿನ್ನ ಮುಖದಾಗ ಇಷ್ಟು ಗೆರಿ ಅದಾವ?" ಎಂದಳು.

ಗಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಗೋಡೆಯ ಅಕ್ಷರಗಳನ್ನು ಓದುವವಳಂತೆ ಆ ಕಡೆ ತಿರುಗಿದೆ. ಅಷ್ಟು ಹೊತ್ತಿಗೆ ಕಣ್ಣಿನವನು, ನೀವೂ ಬನ್ನಿ ಟೀಚರ್, ನೋಡಿಬಿಡೋಣ ಎಂದು ನನ್ನನ್ನೂ ಕೂರಿಸಿದ. ಸಣ್ಣ ಅಕ್ಷರದ ಚೀಟಿ ಕೈಗೆ ಕೊಟ್ಟ. ನಾನು ಅದನ್ನು ಕೈ ಚಾಚಿ ಹಿಡಿದು ಓದಿದೆ. ಹತ್ತಿರ ತನ್ನಿ ಎಂದ. ಬರಲಿಲ್ಲ. ಯಾವಾಗಿನಿಂದ ಹೀಗೆ ದೂರ ಹಿಡಿಯುತ್ತೀರಿ ಎಂದು ಕೇಳಿದ. ನಿಯಮ ಬರೆದಾಗಿನಿಂದ ಮೊಬೈಲನ್ನು ಒಂದು ಮೊಳ ದೂರ ಹಿಡಿಯುತ್ತೇನೆ, ಬರೆದವರು ತಾವೂ ಪಾಲಿಸಬೇಕು ನೋಡಿ ಎಂದು ಜಂಬದಿಂದಲೇ ಹೇಳಿದೆ. ಅವನು ನಕ್ಕುಬಿಟ್ಟ. ಇದು ನಿಯಮವಲ್ಲ ಟೀಚರ್, ನಲವತ್ತು ದಾಟಿದ ಕಣ್ಣಿಗೆ ಬರುವ ಚಾಳೀಸು ಎಂದ. ಸೂಜಿಗೆ ದಾರವನ್ನು ಇಂದಿಗೂ ಬರಿಗಣ್ಣಿನಲ್ಲಿ ಪೋಣಿಸುವ ಗಂಗವ್ವ ಆಗ ನಕ್ಕದ್ದು ರಸ್ತೆಗೆ ಕೇಳಿಸಿರಬೇಕು.

ವಾಪಸು ಬಸ್ಸು ಹತ್ತಿಸಲು ನಿಲ್ದಾಣದಲ್ಲಿ ನಿಂತಾಗ ನನಗೆ ತಡೆಯಲಾಗಲಿಲ್ಲ. ಈಗಲಾದರೂ ಒಪ್ಪುತ್ತೀಯಾ ಗಂಗವ್ವಾ, ಪೆಟ್ಟಿಗೆಯದು ತಪ್ಪಿಲ್ಲ, ಕಣ್ಣಿನದು ಎಂದೆ. ಆಕೆ ಸಂಚಿಯಿಂದ ಎಲೆ ತೆಗೆದು ಸುಣ್ಣ ಸವರುತ್ತ ಹೇಳಿದಳು:

"ಒಪ್ಪಿದೆ ಬಿಡ್ರಿ. ಆದರ ನಾ ಹೆದರಿದ್ದಕ್ಕ ಗೆರಿ ಬಿತ್ತು. ಗೆರಿ ಬಿದ್ದಿದ್ದಕ್ಕ ಕೂಸು ಹಿಂದ ಕುಂತಳು. ಹಿಂದ ಕುಂತಿದ್ದಕ್ಕ ಕಣ್ಣು ಕಾಣಂಗಿಲ್ಲಂತ ಗೊತ್ತಾತು. ನಾ ಹೆದರಿರದಿದ್ರ ನೀವು ನೋಡ್ತಿದ್ರ್ಯಾ, ಅಕ್ಕೋರ?"

ಒನಕೆ ಬಿದ್ದಾಗಲೂ ಇಷ್ಟು ನಾಟಿರಲಿಲ್ಲ. ಇಲ್ಲ, ನೋಡುತ್ತಿರಲಿಲ್ಲ ಎಂದೆ. ಆಕೆ ನನ್ನ ಬೆನ್ನು ಸವರಿ ಬಸ್ಸು ಹತ್ತಿದಳು. ಆಕೆಯ ಹೆದರಿಕೆ ತಪ್ಪು ಕಡೆಗೆ ಬೆರಳು ಮಾಡಿತ್ತು, ನನ್ನ ತಿಳಿವಳಿಕೆ ಯಾವ ಕಡೆಗೂ ಬೆರಳು ಮಾಡಿರಲಿಲ್ಲ. ಮಕ್ಕಳಿಗಾಗಿ ಹೀಗೆ ಸುಮ್ಮಸುಮ್ಮನೆ ಹೆದರುವವರು ಊರಿಗೆ ಒಬ್ಬರಾದರೂ ಇರಬೇಕು ಎಂದು ನಾನು ಈಗ ನಂಬುತ್ತೇನೆ.

ಪೆಟ್ಟಿಗೆ ಉಳಿಯಿತು. ಗೆರೆಯನ್ನು ಇಮಾಮಸಾಬರ ತೋಳಿನ ಬದಲು ನನ್ನ ತೋಳಿನಿಂದ ಮತ್ತೆ ಅಳೆದು ಹಾಕಿದೆವು. ಕರಕಿ ಐದು ಎಸಳಿಗಿಂತ ಹೆಚ್ಚು ಇಡಕೂಡದು, ಬಾಗಿಲಿಗೆ ಚಿಲಕ ಇರಬೇಕು ಎಂದು ಎರಡು ಹೊಸ ನಿಯಮ ಸೇರಿದವು. ಹದಿನಾರು ಮಕ್ಕಳೂ ಗಣಿತದಲ್ಲಿ ದಾಟಿದರು. ಕನ್ನಡಕದ ರೇಣುಕಾ ಈಗ ಗದಗಿನ ಕಾಲೇಜಿಗೆ ಹೋಗುತ್ತಾಳೆ. ಬೆಳಿಗ್ಗೆ ನಾನು ಊರಿಗೆ ಬಂದು ಇಳಿಯುವ ಬಾಗಿಲಲ್ಲೇ ಅವಳು ಗದಗಿಗೆ ಹೋಗಲು ಕಾದು ನಿಂತಿರುತ್ತಾಳೆ, ಬೆಳಗಿನ ಆ ಬಸ್ಸು ಹಮ್ಮಿಗಿಗೆ ಹೋಗದೆ ಅಲ್ಲಿಂದಲೇ ತಿರುಗಿ ಹೋಗುತ್ತದೆ. ಹಿಂದಿನ ದಿನ ಕಿಟಕಿಯಾಚೆ ಏನು ಕಂಡಿತೆಂದು ದಿನಾ ಒಂದು ಹೇಳುತ್ತಾಳೆ. ಹಾಗಾಗಿ ನಾನೂ ಮೊಬೈಲು ಬ್ಯಾಗಿಗೆ ಹಾಕಿ ಕಿಟಕಿಯಲ್ಲಿ ನೋಡಲು ಶುರು ಮಾಡಿದ್ದೇನೆ, ಎಲ್ಲ ದಿನ ಅಲ್ಲ, ಕೆಲವು ದಿನ.

ಈ ವರ್ಷ ನಮ್ಮ ಶಾಲೆಗೆ ಗಣಿತದ ಮಾಸ್ತರರೂ ಬಂದರು. ಎಳೆಯ ವಯಸ್ಸು, ಬಹಳ ಚುರುಕು. ಮೊದಲ ದಿನವೇ ಪೆಟ್ಟಿಗೆಯ ಬುಡದಲ್ಲಿ ನಿಂತು ಮುಖ ಮೇಲೆತ್ತಿ, ಆ ಐದು ಎಸಳನ್ನೂ ಕಲ್ಲನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ವಿಜ್ಞಾನದವರು ನೀವಿದ್ದೂ ಇದೇನು ಟೀಚರ್, ಇದರಿಂದ ಏನು ಉಪಯೋಗ ಎಂದು ಕೇಳಿದರು. ಅಂದಿನ ಕರಕಿ ನಾನೇ ಬದಲಿಸಿದ್ದೆ, ಬೆರಳಲ್ಲಿ ಇನ್ನೂ ಹಸಿರು ವಾಸನೆಯಿತ್ತು. ಎಲ್ಲವನ್ನೂ ಹೇಳಬೇಕೆಂದುಕೊಂಡೆ. ಗಂಗವ್ವ, ಆಡು, ಒನಕೆ, ಎಲ್ಲಿಂದ ಶುರು ಮಾಡಲಿ?

"ಅಲ್ಲಿಂದ ಕಾಣಂಗಿಲ್ರಿ ಸರ" ಎಂದೆ, "ಒಂದೀಟು ಹಿಂದ ಬಂದು ಗೆರಿ ಮ್ಯಾಲ ನಿಂತು, ಹುಡುಗರ ಮುಖ ನೋಡ್ರಿ, ಯಾರು ಕಣ್ಣು ಸಣ್ಣ ಮಾಡ್ತಾರ ಅಂತ."